ಬಣ್ಣ ಆರಿಸುವ ಮೊದಲು ಬಣ್ಣ ನಿಲ್ಲುವ ಗೆರೆ ಆರಿಸಿ

ಹೊಸ ಮನೆಯ ಹೊರಗಿನ ಬಣ್ಣದ ಮಾತು ನಮ್ಮಲ್ಲಿ ಶುರುವಾಗುವುದೇ ಗೃಹಪ್ರವೇಶದ ದಿನ ಗೊತ್ತಾದ ಮೇಲೆ. ಅಷ್ಟೊತ್ತಿಗೆ ಹೊರಗಿನ ಪ್ಲಾಸ್ಟರ್ ಮುಗಿದಿರುತ್ತದೆ. ಕಿಟಕಿಗಳು ಕೂತಿರುತ್ತವೆ. ಮುಂದಿನ ಗೋಡೆಗೆ ಕಲ್ಲು ಅಂಟಿಸಿಯಾಗಿರುತ್ತದೆ. ಆಮೇಲೆ ಮನೆಮಂದಿಯೆಲ್ಲ ಶೇಡ್ ಕಾರ್ಡ್ ಹಿಡಿದು ಕೂರುತ್ತಾರೆ. ಅಪ್ಪನಿಗೆ ಕೆನೆ ಬಣ್ಣ ಬೇಕು, ಮಗನಿಗೆ ಬೂದು, ಮಗಳಿಗೆ ಫೋನಿನಲ್ಲಿ ನೋಡಿದ ಯಾವುದೋ ಎಲಿವೇಷನ್ ಇಷ್ಟ.

ನಾನು ಶಿವಮೊಗ್ಗದಲ್ಲಿ ಆರ್ಕಿಟೆಕ್ಟ್. ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ದಾವಣಗೆರೆಯ ಬಯಲು, ಎರಡೂ ಕಡೆ ಕೆಲಸ ಮಾಡುತ್ತೇನೆ. ಮನೆ ಕಟ್ಟಿಸುವ ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು: ಹೊರಗಿನ ಪ್ಲಾಸ್ಟರ್ ಶುರುವಾಗುವ ಮೊದಲೇ ಬಣ್ಣದ ಮಾತು ಆಡಿ. ಯಾವ ಬಣ್ಣ ಅನ್ನುವುದು ಆಮೇಲೆ ಇರಲಿ. ಒಂದು ಬಣ್ಣ ಎಲ್ಲಿ ನಿಲ್ಲಬೇಕು, ಇನ್ನೊಂದು ಎಲ್ಲಿಂದ ಶುರುವಾಗಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ.

ಯಾಕೆಂದರೆ ಆ ಗೆರೆ ಹಾಕುವವನು ಗಾರೆ ಮೇಸ್ತ್ರಿ. ಪೇಂಟರ್ ಬರುವ ಹೊತ್ತಿಗೆ ಅದು ಗೋಡೆಯಲ್ಲಿ ಇರಬೇಕು. ಎರಡು ಬಣ್ಣ ಸೇರುವ ಕಡೆ ಪ್ಲಾಸ್ಟರ್‌ನಲ್ಲೇ 10-12 ಮಿ.ಮೀ. ಅಗಲದ ಒಂದು ಗ್ರೂವ್, ಅಂದರೆ ಸಣ್ಣ ಕಾಲುವೆಯಂಥ ಗಾಡಿ, ಬಿಡಿಸಿದರೆ ಸಾಕು, ಬಣ್ಣದ ಅಂಚು ನೂಲು ಹಿಡಿದ ಹಾಗೆ ನಿಲ್ಲುತ್ತದೆ. ಗ್ರೂವ್ ಇಲ್ಲದ ಒರಟು ಗೋಡೆಯ ಮೇಲೆ ಟೇಪ್ ಅಂಟಿಸಿ ಎಳೆದ ಗೆರೆ ಹತ್ತಿರದಿಂದ ನೋಡಿದರೆ ಹಲ್ಲುಹಲ್ಲಾಗಿರುತ್ತದೆ. ಮರಳಿನ ಕಣಗಳ ಮಧ್ಯೆ ಬಣ್ಣ ಜಾರಿರುತ್ತದೆ. ಮುಂದಿನ ಸಲ ಬಳಿಯುವ ಪೇಂಟರ್ ಆ ಗೆರೆಯನ್ನು ಇನ್ನಷ್ಟು ಆಚೀಚೆ ಮಾಡುತ್ತಾನೆ.

ಗೆರೆಯ ಬಗ್ಗೆ ಇನ್ನೊಂದು ಮುಖ್ಯ ವಿಷಯ ಇದೆ. ಬಣ್ಣವನ್ನು ಹೊರಮೂಲೆಯಲ್ಲಿ ಬದಲಾಯಿಸಬೇಡಿ. ನಮ್ಮೂರಿನ ಹೊಸ ಬಡಾವಣೆಗಳಲ್ಲಿ ಸುಮ್ನೆ ಒಂದು ಸುತ್ತು ಬನ್ನಿ. ರಸ್ತೆ ಕಡೆಯ ಗೋಡೆಗೆ ಗಾಢ ಮರೂನ್, ಮೂಲೆ ತಿರುಗಿದ ಕೂಡಲೇ ಕೆನೆ ಬಣ್ಣ. ಎದುರಿಗೆ ನಿಂತು ನೋಡಿದರೆ ಚೆನ್ನಾಗೇ ಕಾಣುತ್ತದೆ. ಆದರೆ ಮನೆಯನ್ನು ನಾವು ಎದುರಿಗೆ ನಿಂತು ನೋಡುವುದು ಕಮ್ಮಿ, ಅಲ್ವಾ? ರಸ್ತೆಯಲ್ಲಿ ಬರುವಾಗ ಓರೆಯಾಗಿ ಕಾಣುತ್ತದೆ. ಆಗ ಆ ಮರೂನ್ ಗೋಡೆಗೆ ದಪ್ಪವೇ ಇಲ್ಲ, ಒಂದು ಹಾಳೆ ಅಂಟಿಸಿದ ಹಾಗಿದೆ ಅನ್ನಿಸುತ್ತದೆ. ಅದೇ ಮರೂನ್ ಮೂಲೆ ದಾಟಿ, ಪಕ್ಕದ ಗೋಡೆಯಲ್ಲಿ ಮುಂದುವರಿದು, ಒಂದು ಒಳಮೂಲೆಗೋ ಗ್ರೂವ್‌ಗೋ ಬಂದು ನಿಂತರೆ ಆ ಭಾಗ ಗಟ್ಟಿಯಾಗಿ, ತೂಕವಾಗಿ ಕಾಣುತ್ತದೆ. ಬಣ್ಣಕ್ಕೆ ಕೊಟ್ಟ ದುಡ್ಡು ಎರಡೂ ಕಡೆ ಹೆಚ್ಚುಕಮ್ಮಿ ಅಷ್ಟೇ.

ಗೆರೆ ಗೊತ್ತಾಯಿತು. ಬಣ್ಣಕ್ಕೆ ಬರೋಣ. ಇಲ್ಲೂ ಶೇಡ್ ಕಾರ್ಡ್ ಇನ್ನೂ ತೆಗೆಯಬೇಡಿ. ನಿಮ್ಮ ಮನೆಯಲ್ಲಿ ಆಗಲೇ ಬಣ್ಣ ಇರುವ ಎಷ್ಟೋ ವಸ್ತುಗಳಿವೆ. ಮಂಗಳೂರು ಹೆಂಚು ಹಾಕಿದ್ದರೆ ಅದರ ಕೆಂಪು. ಕಿಟಕಿಯ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿನ ಬಿಳುಪು ಅಥವಾ ಕಪ್ಪು. ಮೆಟ್ಟಿಲಿಗೆ ಹಾಕಿದ ಗ್ರಾನೈಟ್, ಪಾಯದ ಮೇಲಿನ ಸೈಜುಗಲ್ಲು, ಬಾಗಿಲಿನ ತೇಗ. ಇವನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಲು ಆಗುವುದಿಲ್ಲ. ಗೋಡೆಯ ಬಣ್ಣವನ್ನು ಬದಲಾಯಿಸಬಹುದು. ಹಾಗಾಗಿ ಬದಲಾಗದ ವಸ್ತುಗಳ ಒಂದೊಂದು ತುಂಡನ್ನು ಅಂಗಳದಲ್ಲಿ ಬಿಸಿಲಿಗೆ ಜೋಡಿಸಿಡಿ. ಗೋಡೆಯ ಬಣ್ಣ ಅವುಗಳ ಪಕ್ಕದಲ್ಲಿ ಕೂರಬೇಕು. ಕೆಂಪು ಹೆಂಚಿನ ಕೆಳಗೆ ತಿಳಿ ನೇರಳೆ ಅಥವಾ ಗುಲಾಬಿ ಗೋಡೆ ಬಂದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಅದೇ ಹೆಂಚಿನ ಕೆಳಗೆ ಸುಣ್ಣದ ಬಿಳುಪು, ಕೆನೆ, ತಿಳಿ ಮಣ್ಣಿನ ಬಣ್ಣ, ಬೂದು ಬೆರೆತ ಹಸಿರು ನೆಮ್ಮದಿಯಾಗಿ ಕೂರುತ್ತವೆ.

ನಮ್ಮ ಹಳೆಯ ಮನೆಗಳಲ್ಲಿ ಈ ತಿಳಿವಳಿಕೆ ಇತ್ತು. ಹಳ್ಳಿಮನೆಯ ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿದು, ಮೇಲೆ ಸುಣ್ಣ ಹೊಡೆಯುತ್ತಿದ್ದರು. ಅದು ಅಂದಕ್ಕೂ ಹೌದು, ಮಳೆಗೂ ಹೌದು. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು, ಮಣ್ಣಿನ ಸಮೇತ ಗೋಡೆಗೆ ಎರಚುತ್ತದೆ. ಒಂದೂವರೆ-ಎರಡು ಅಡಿ ಎತ್ತರದವರೆಗೆ ಆ ಕಲೆ ಇದ್ದೇ ಇರುತ್ತದೆ. ಕೆಮ್ಮಣ್ಣಿನ ಪಟ್ಟಿ ಅದನ್ನು ಮುಚ್ಚಿಡುತ್ತಿತ್ತು. ಈಗಿನ ಸಿಮೆಂಟ್ ಮನೆಗೂ ನಾನು ಬುಡದಲ್ಲಿ ಎರಡು ಅಡಿ ಗಾಢ ಬಣ್ಣದ ಪಟ್ಟಿ ಇಡಿಸುತ್ತೇನೆ. ತುಮಕೂರು, ಕೋಲಾರದ ಕೆಂಪು ನೆಲದಲ್ಲಿ ಆ ಪಟ್ಟಿ ಇಟ್ಟಿಗೆ ಕೆಂಪು ಅಥವಾ ಕಂದು ಇರಲಿ. ಗದಗ, ವಿಜಯಪುರದ ಎರೆ ನೆಲದಲ್ಲಿ ಬೂದು ಇರಲಿ. ಅಂದರೆ ನಿಮ್ಮ ಮನೆ ಸುತ್ತಲಿನ ಮಣ್ಣಿನ ಬಣ್ಣಕ್ಕೆ ಹತ್ತಿರ ಇರಲಿ. ಗೋಡೆಯ ಬುಡದ ಕಟ್ಟೆ, ಅಂದರೆ ಪ್ಲಿಂತ್, ಕಲ್ಲಿನದಾಗಿದ್ದರೆ ಇನ್ನೂ ಒಳ್ಳೆಯದು, ಅದಕ್ಕೆ ಬಣ್ಣವೇ ಬೇಡ.

ಕಿಟಕಿ ಸುತ್ತಲಿನ ಪಟ್ಟಿ, ಸಜ್ಜದ ಅಂಚು, ಪ್ಯಾರಪೆಟ್‌ನ ತಲೆ, ಇವುಗಳಿಗೆ ಎಲ್ಲರೂ ಕೇಳುವುದು ಅಪ್ಪಟ ಬಿಳಿ. ಗೋಡೆಗಿಂತ ಬಾರ್ಡರ್ ಎದ್ದು ಕಾಣಲಿ ಅಂತ. ಎದ್ದು ಕಾಣುವುದು ಬಿಳುಪಿನ ಜೊತೆ ಕೊಳೆಯೂ ಹೌದು. ಮೊದಲ ಮಳೆಗಾಲ ಮುಗಿದ ಮೇಲೆ ಕಿಟಕಿಯ ಎರಡೂ ಕೆಳಮೂಲೆಗಳನ್ನು ನೋಡಿ. ಅಲ್ಲಿಂದ ಮೀಸೆ ಇಳಿಬಿಟ್ಟ ಹಾಗೆ ಎರಡು ಕಪ್ಪು ಗೆರೆ ಇಳಿದಿರುತ್ತವೆ. ಕಿಟಕಿಯ ಬುಡದಲ್ಲಿ ಕೂತ ಧೂಳನ್ನು ಮಳೆನೀರು ಮೂಲೆಗೆ ತಂದು ಗೋಡೆಯ ಮೇಲೆ ಸುರಿಯುವುದರಿಂದ ಹೀಗಾಗುತ್ತದೆ. ಯಾವ ದುಬಾರಿ ಪೇಂಟ್ ಹೊಡೆದರೂ ಇದು ನಿಲ್ಲುವುದಿಲ್ಲ. ಕಿಟಕಿಯ ಕೆಳಗಿನ ಗ್ರಾನೈಟ್ ಪಟ್ಟಿ ಗೋಡೆಯಿಂದ ಒಂದೂವರೆ-ಎರಡು ಇಂಚು ಹೊರಗೆ ಚಾಚಿರಬೇಕು. ಹೊರಕ್ಕೆ ಸ್ವಲ್ಪ ಇಳಿಜಾರು ಬೇಕು. ಅದರ ಕೆಳಮೈಯಲ್ಲಿ ಅಂಚಿನ ಹತ್ತಿರ ಒಂದು ಸಣ್ಣ ಗ್ರೂವ್ ಕೊರೆಸಿರಬೇಕು. ಆಗ ನೀರು ಅಲ್ಲೇ ತುಂಡಾಗಿ ಕೆಳಗೆ ಹನಿಯುತ್ತದೆ, ಗೋಡೆಗೆ ಅಂಟಿಕೊಂಡು ಹರಿಯುವುದಿಲ್ಲ. ಸಜ್ಜಕ್ಕೂ ಇದೇ ಕ್ರಮ. ಪ್ಯಾರಪೆಟ್‌ನ ತಲೆಯ ಇಳಿಜಾರು ಒಳಗೆ, ಟೆರೇಸ್ ಕಡೆಗೆ ಇರಲಿ. ಇಷ್ಟು ಮಾಡಿದ ಮೇಲೆ ಬಾರ್ಡರ್‌ಗೆ ಬಿಳಿ ಹಾಕಿ, ಅಡ್ಡಿಯಿಲ್ಲ. ನಾನಂತೂ ಸ್ವಲ್ಪ ಬೂದು ಅಥವಾ ಕೆನೆ ಬೆರೆತ ಬಿಳಿಯನ್ನೇ ಕೊಡುತ್ತೇನೆ. ನಮ್ಮ ಮಧ್ಯಾಹ್ನದ ಬಿಸಿಲಿಗೆ ಅದೂ ಬೆಳ್ಳಗೇ ಕಾಣುತ್ತದೆ, ಕಣ್ಣಿಗೂ ಹೊಡೆಯುವುದಿಲ್ಲ.

ಗೋಡೆಗೂ ಬಾರ್ಡರ್‌ಗೂ ಎಷ್ಟು ವ್ಯತ್ಯಾಸ ಇರಬೇಕು? ಒಂದೇ ಬಣ್ಣದಲ್ಲಿ ಎರಡು-ಮೂರು ಹೆಜ್ಜೆ ತಿಳಿ ಅಥವಾ ಗಾಢ ಇದ್ದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಎರಡು ಬಣ್ಣಕ್ಕೆ ಮನೆ ಮುಗಿಯಲಿ. ಮೂರನೆಯದು ಬೇಕೇಬೇಕು ಅಂದರೆ ಅದು ಬಾಗಿಲು ಮತ್ತು ಗ್ರಿಲ್‌ಗೆ ಹೋಗಲಿ. ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳಲ್ಲಿ ಇನ್ನೂ ಉಳಿದಿರುವ ಕೆಲವನ್ನು ನೋಡಿ. ತಿಳಿ ಗೋಡೆ, ಗಾಢ ಹಸಿರಿನ ಅಥವಾ ಕಂದಿನ ಮರಗೆಲಸ, ಮೇಲೆ ಹೆಂಚು. ಇವತ್ತಿಗೂ ಹಳತು ಅನ್ನಿಸುವುದಿಲ್ಲ.

ಬಿಸಿಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪೇಂಟ್‌ನೊಳಗಿನ ಬಣ್ಣದ ಪುಡಿ ಎಲ್ಲವೂ ಒಂದೇ ಥರ ಅಲ್ಲ. ಕೆಮ್ಮಣ್ಣಿನಲ್ಲಿರುವುದು ಕಬ್ಬಿಣದ ಆಕ್ಸೈಡ್. ಇಟ್ಟಿಗೆ ಕೆಂಪು, ಕಾವಿ, ಮಣ್ಣಿನ ಹಳದಿ, ಕಂದು, ಇವಕ್ಕೆ ಇವತ್ತಿಗೂ ಅದೇ ಆಧಾರ. ಬಿಸಿಲಿಗೆ, ಸಿಮೆಂಟಿನ ಕ್ಷಾರಕ್ಕೆ ಅದು ಜಗ್ಗುವುದಿಲ್ಲ. ನಿಂಬೆ ಹಳದಿ, ಕಡು ಕಿತ್ತಳೆ, ಹೊಳೆಯುವ ಕೆಂಪು, ನೇರಳೆ ಬರುವುದು ಬೇರೆ ಬಗೆಯ ಪುಡಿಗಳಿಂದ. ಅವುಗಳಲ್ಲಿ ಎಷ್ಟೋ ಬಿಸಿಲಿಗೆ ಬೇಗ ಮಂಕಾಗುತ್ತವೆ. ಪಶ್ಚಿಮದ ಗೋಡೆ ಮೊದಲು ಮಂಕಾಗಿ, ಉತ್ತರದ ಗೋಡೆ ಹಾಗೇ ಉಳಿದು, ಒಂದೇ ಡಬ್ಬದ ಬಣ್ಣ ಎರಡಾಗಿ ಕಾಣುವುದು ಇದರಿಂದಲೇ. ಇಂಥ ಬಣ್ಣದ ಆಸೆ ಇದ್ದರೆ ಪೋರ್ಟಿಕೋ ಒಳಗಿನ ಗೋಡೆಗೆ ಹಾಕಿ, ಅಲ್ಲಿ ನೆರಳಿರುತ್ತದೆ. ಮನೆಯೊಳಗಿನ ಬಣ್ಣದ ಶೇಡ್ ಕಾರ್ಡ್ ನೋಡಿ ಹೊರಗೋಡೆಗೆ ಆರಿಸಲೇಬೇಡಿ. ಹೊರಗಿನದ್ದಕ್ಕೆ ಬೇರೆ ಕಾರ್ಡ್ ಇರುತ್ತದೆ.

ಶಾಖದ್ದೂ ಲೆಕ್ಕ ಇದೆ. ಪೇಂಟ್ ಕಂಪನಿಗಳು ಪ್ರತಿ ಶೇಡ್‌ಗೆ ಎಲ್‌ಆರ್‌ವಿ ಅಂತ ಒಂದು ಅಂಕಿ ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ ಅದು. ಕಪ್ಪು ಸೊನ್ನೆಯ ಹತ್ತಿರ, ಬಿಳಿ 100ರ ಹತ್ತಿರ. ರಾಯಚೂರು, ಕಲಬುರಗಿ ಕಡೆ ಪಶ್ಚಿಮದ ಗೋಡೆಗೆ 60ಕ್ಕಿಂತ ಕಡಿಮೆಯ ಬಣ್ಣ ನಾನು ಬರೆದುಕೊಡುವುದಿಲ್ಲ. ಆ ಗೋಡೆಯ ಹಿಂದೆ ಮಲಗುವ ಕೋಣೆ ಇದ್ದರಂತೂ ಗಾಢ ಬೂದು ಬೇಡವೇ ಬೇಡ. ಸಂಜೆ ಆರಕ್ಕೆ ಗೋಡೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ರಾತ್ರಿಯಿಡೀ ಆ ಬಿಸಿ ಒಳಗೆ ಬರುತ್ತಲೇ ಇರುತ್ತದೆ.

ಮಲೆನಾಡು, ಕರಾವಳಿಯಲ್ಲಿ ಚಿಂತೆ ಬೇರೆ. ಅಲ್ಲಿ ಮಳೆ ನೈಋತ್ಯದ ಗಾಳಿಗೆ ಓರೆಯಾಗಿ ಬಂದು ಪಶ್ಚಿಮ, ದಕ್ಷಿಣದ ಗೋಡೆಗೆ ಬಡಿಯುತ್ತದೆ. ಉತ್ತರದ ಗೋಡೆಗೆ ಬಿಸಿಲು ಹೆಚ್ಚು ಬೀಳುವುದು ಜೂನ್ ಆಸುಪಾಸಿನಲ್ಲಿ, ಆಗಲೇ ಮೋಡ. ಹಾಗಾಗಿ ಅದು ಒಣಗುವುದೇ ತಡ, ಪಾಚಿ ಅಲ್ಲೇ ಜಾಸ್ತಿ. ತೀರ್ಥಹಳ್ಳಿ ಕಡೆಯ ಒಂದು ಮನೆಯ ಹೊರಗೋಡೆಗೆ ಟೆಕ್ಸ್ಚರ್, ಅಂದರೆ ಉಬ್ಬುತಗ್ಗಿನ ಒರಟು ಮೈ, ಮಾಡಿಸುವ ಆಸೆ ಇತ್ತು. ಯಜಮಾನರ ತಾಯಿಯೇ ನನಗಿಂತ ಮೊದಲು ಹೇಳಿದರು: “ಬೇಡ ಮಾರಾಯ, ಆ ಸಂದಿಯಲ್ಲೆಲ್ಲ ಹಾವಸೆ ಕಟ್ತದೆ, ಉಜ್ಜೋರ್ಯಾರು?” ಅವರ ಮಾತು ನೂರಕ್ಕೆ ನೂರು ಸರಿ. ಒರಟು ಮೈಯಲ್ಲಿ ನೀರೂ ಧೂಳೂ ನಿಲ್ಲುತ್ತವೆ, ಪಾಚಿಗೆ ಅಷ್ಟೇ ಸಾಕು. ಅಲ್ಲಿ ನಯವಾದ ಗೋಡೆ, ಉದ್ದ ಸೂರು, ಪಾಚಿ ತಡೆಯುವ ಎಮಲ್ಷನ್ ಪೇಂಟ್, ಮಣ್ಣಿನ ಅಥವಾ ಬೂದು-ಹಸಿರಿನ ಬಣ್ಣ ಒಳ್ಳೆಯದು. ಹೊರಗೋಡೆಯ ಸಣ್ಣಪುಟ್ಟ ಹಳ್ಳ ತುಂಬಲು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬಳಸಲು ಬಿಡಲೇಬೇಡಿ. ನೀರು ತಾಗಿದರೆ ಅದು ಮೆತ್ತಗಾಗಿ ಬಣ್ಣದ ಸಮೇತ ಎದ್ದು ಬರುತ್ತದೆ.

ಬೆಂಗಳೂರಿನ 30x40 ಅಡಿ ಸೈಟಿನ ಮನೆಗಳಿಗೆ ಒಂದು ಮಾತು. ಅಲ್ಲಿ ಪಕ್ಕದ ಗೋಡೆಗಳು ರಸ್ತೆಗೆ ಕಾಣುವುದಿಲ್ಲ, ಅದಕ್ಕೆ ಬಣ್ಣದ ಚಿಂತೆಯನ್ನೇ ಯಾರೂ ಮಾಡುವುದಿಲ್ಲ. ಆದರೆ ಪಕ್ಕದ ಮನೆಯ ಕೋಣೆಗೆ ಬೆಳಕು ಬರುವುದು ನಿಮ್ಮ ಆ ಗೋಡೆಯಿಂದ. ಐದಾರು ಅಡಿ ದೂರದಲ್ಲಿ ಗಿಳಿಹಸಿರು ಗೋಡೆ ಇದ್ದರೆ ಅವರ ಕೋಣೆಯ ಬಿಳಿ ಗೋಡೆಯೂ ಹಸಿರಾಗುತ್ತದೆ, ಕನ್ನಡಿಯಲ್ಲಿ ಮುಖವೂ ಹಸಿರಾಗುತ್ತದೆ. ಸಂದಿಯ ಗೋಡೆಗೆ ತಿಳಿ ಬಿಳಿ ಹೊಡೆಸಿ. ಇಬ್ಬರಿಗೂ ಬೆಳಕು.

ಇಷ್ಟಾದ ಮೇಲೆ ಶೇಡ್ ಕಾರ್ಡ್ ತೆರೆಯಿರಿ. ಮೂರು ಬಣ್ಣ ಆರಿಸಿ, ಮೂರರದ್ದೂ ಒಂದೊಂದು ಲೀಟರ್ ತನ್ನಿ. ಕಾರ್ಡ್‌ನ ಚೂರು ನಂಬಬೇಡಿ. ಬಣ್ಣ ದೊಡ್ಡ ಗೋಡೆಗೆ ಹೋದಾಗ ಬಿಸಿಲಿಗೆ ಇನ್ನೂ ತಿಳಿಯಾಗಿ, ಇನ್ನೂ ಹೊಳಪಾಗಿ ಕಾಣುತ್ತದೆ. ಅದಕ್ಕೇ ಕಾರ್ಡ್‌ನಲ್ಲಿ ತುಸು ಮಂಕು, ತುಸು ಬೂದು ಅನ್ನಿಸಿದ ಬಣ್ಣವೇ ಗೋಡೆಯ ಮೇಲೆ ಹದವಾಗಿರುತ್ತದೆ. ಮೂರು ಅಡಿ ಚೌಕದ ಸಿಮೆಂಟ್ ಶೀಟ್‌ಗೆ ಪ್ರೈಮರ್ ಹೊಡೆದು, ಎರಡು ಕೋಟ್ ಬಳಿದು, ಕಿಟಕಿಯ ಪಕ್ಕ, ಕಲ್ಲಿನ ಪಕ್ಕ, ಪೂರ್ವಕ್ಕೆ, ಪಶ್ಚಿಮಕ್ಕೆ ಒರಗಿಸಿಟ್ಟು ನೋಡಿ. ಬೆಳಿಗ್ಗೆ ಎಂಟಕ್ಕೆ, ಮಟಮಟ ಮಧ್ಯಾಹ್ನ, ಸಂಜೆ ಐದಕ್ಕೆ. ರಸ್ತೆಯಾಚೆ ನಿಂತೂ ನೋಡಿ.

ಕೊನೆಗೆ ಆ ಗೃಹಪ್ರವೇಶದ ಮುಹೂರ್ತದ ವಿಷಯ. ಹೊಸ ಪ್ಲಾಸ್ಟರ್‌ನಲ್ಲಿ ಕ್ಷಾರ ಜೋರಾಗಿರುತ್ತದೆ, ತೇವವೂ ಇರುತ್ತದೆ. ಕಡಿಮೆಯೆಂದರೂ 28 ದಿನ ಬಿಡಬೇಕು, ಮಳೆ-ಮೋಡ ಇದ್ದರೆ ಇನ್ನೂ ಹೆಚ್ಚು. ಆತುರಪಟ್ಟರೆ ಬಿಳಿ ಉಪ್ಪು ಹೊಮ್ಮುತ್ತದೆ, ಬಣ್ಣ ತೇಪೆತೇಪೆಯಾಗಿ ಹಾರುತ್ತದೆ, ಕೆಲವು ಕಡೆ ಹೊಪ್ಪಳೆ ಏಳುತ್ತದೆ. ಮತ್ತೆ ಸಾರುವೆ ಕಟ್ಟಿಸಬೇಕು, ಆ ಕೂಲಿ ಕಮ್ಮಿಯಲ್ಲ. ದಿನ ಹತ್ತಿರ ಬಂದಿದ್ದರೆ ಬಣ್ಣದ ಕೋಟ್ ಮುಂದಕ್ಕೆ ಹಾಕಿ. ಪ್ಲಾಸ್ಟರ್ ಒಣಗಿದೆ ಅಂತ ಮೇಸ್ತ್ರಿ ಒಪ್ಪಿದರೆ ಕ್ಷಾರ ತಡೆಯುವ ಪ್ರೈಮರ್ ಮಾತ್ರ ಹೊಡೆಸಿ, ಪೂಜೆ ಮುಗಿಸಿ. ಬಿಳಿ ಪ್ರೈಮರ್ ಮೇಲೆ ಮಾವಿನ ತೋರಣ, ಬಾಳೆಕಂದು ಚೆನ್ನಾಗೇ ಕಾಣುತ್ತವೆ. ಬಣ್ಣವನ್ನು ಮಳೆಗಾಲ ಕಳೆದು ಗೋಡೆ ಚೆನ್ನಾಗಿ ಒಣಗಿದ ಮೇಲೆ ಹೊಡೆಸಿ. ಮುಗಿದ ದಿನ ಒಂದು ಕೆಲಸ ಮರೆಯಬೇಡಿ: ಪ್ರತಿ ಬಣ್ಣದ ಶೇಡ್ ನಂಬರ್, ಕಂಪನಿ, ಡಬ್ಬದ ಮೇಲಿನ ಬ್ಯಾಚ್ ನಂಬರ್ ಬರೆದು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಆಮೇಲೆ ಯಾರೋ ಪೈಪ್ ಹಾಕಲು ಗೋಡೆ ಕೊರೆದಾಗ ತೇಪೆ ಹಚ್ಚಲು ಅದು ಬೇಕಾಗುತ್ತದೆ.