ಐನೂರು ವರ್ಷದ ಮಿನಾರ್ ಮತ್ತು ಅದರ ಸುತ್ತಲಿನ ಊರು

ರಾಯಚೂರಿಗೆ ಬಂದವರು ಬಸ್ ನಿಲ್ದಾಣದ ಹತ್ತಿರದ ಕೋಟೆ ಬೆಟ್ಟವನ್ನು ತಲೆಯೆತ್ತಿ ನೋಡುತ್ತಾರೆ, ಪುರುಸೊತ್ತಿದ್ದರೆ ನವರಂಗ ದರವಾಜದ ಕಡೆ ಹೋಗಿ ಬರುತ್ತಾರೆ. ಹಳೆಯ ಊರಿನ ಒಂದು ರಸ್ತೆಗೇ ಹೆಸರು ಕೊಟ್ಟಿರುವ ಏಕ್ ಮಿನಾರ್ ಮಸೀದಿಯವರೆಗೆ ಹೋಗುವವರು ಕಡಿಮೆ. ಊರಿನ ಹಳೆಯ ಕಟ್ಟಡಗಳಲ್ಲಿ ಕಟ್ಟಿದ ಕಾಲ, ಕಟ್ಟಿಸಿದವನ ಹೆಸರು, ಆಗಿನ ದೊರೆಯ ಹೆಸರು ಮೂರನ್ನೂ ತನ್ನ ಬಾಗಿಲಲ್ಲೇ ಬರೆದುಕೊಂಡು ನಿಂತಿರುವವು ಹೆಚ್ಚಿಲ್ಲ. ಈ ಮಸೀದಿ ಅಂಥ ಒಂದು.

ಬಾಗಿಲ ಮೇಲಿನ ಫಾರ್ಸಿ ಶಾಸನದ ಪ್ರಕಾರ ಇದನ್ನು ಕಟ್ಟಿಸಿದವನು ಅಂಬರ್. ಹಿಜರಿ 919, ಅಂದರೆ 1513ರ ಸುಮಾರು. ದಖ್ಖನ್ನಿನಲ್ಲಿ ಹಬ್ಶಿ, ಅಂದರೆ ಆಫ್ರಿಕಾ ಮೂಲದವರಲ್ಲಿ ಈ ಹೆಸರು ರೂಢಿಯಲ್ಲಿತ್ತು. ದೊರೆ ಬಹಮನಿ ಸುಲ್ತಾನ ಮಹಮೂದ್ ಶಾಹ. ನನ್ನ ಕುತೂಹಲವಿರುವುದು ಈ ಕೊನೆಯ ಹೆಸರಿನಲ್ಲಿ. 1513ರ ಹೊತ್ತಿಗೆ ಬಹಮನಿ ರಾಜ್ಯ ಚೂರುಚೂರಾಗಿತ್ತು. ವಿಜಾಪುರ, ಅಹಮದನಗರಗಳು ತಮ್ಮ ದಾರಿ ತಾವು ಹಿಡಿದಿದ್ದವು, ಬೀದರದಲ್ಲಿ ಕುಳಿತಿದ್ದ ಸುಲ್ತಾನ ತನ್ನ ಮಂತ್ರಿಗಳಾದ ಬರೀದ್ ಮನೆತನದವರ ಕೈಗೊಂಬೆಯಾಗಿದ್ದ. ಆದರೂ ಕಲ್ಲಿನ ಮೇಲೆ ಕೆತ್ತುವಾಗ ಅವನ ಹೆಸರೇ ಬೇಕಾಯಿತು. ಅಧಿಕಾರ ಕಳೆದುಕೊಂಡ ದೊರೆಗೂ ಮರ್ಯಾದೆ ಎಷ್ಟು ದಿನ ಉಳಿಯುತ್ತದೆ ಎನ್ನುವುದಕ್ಕೆ ಇಷ್ಟು ಚೊಕ್ಕ ಸಾಕ್ಷಿ ಸುಲಭಕ್ಕೆ ಸಿಗುವುದಿಲ್ಲ.

ಮಸೀದಿಯ ಅಂಗಳದ ಮೂಲೆಯಲ್ಲಿರುವ ಮಿನಾರಿನ ಎತ್ತರ ಸುಮಾರು 65 ಅಡಿ, ಬುಡದ ವ್ಯಾಸ ಸುಮಾರು 10 ಅಡಿ. ಮೇಲೇರುತ್ತ ಸಣ್ಣಗಾಗುವ ದುಂಡನೆಯ ದೇಹ, ಎರಡು ಅಂತಸ್ತು, ಹೊರಚಾಚಿದ ಮೊಗಸಾಲೆ, ತುದಿಯಲ್ಲಿ ಬಹಮನಿ ಶೈಲಿಯ ಗುಮ್ಮಟ. ಒಳಗೆ ಸುತ್ತುಮೆಟ್ಟಿಲು. ಮಸೀದಿಗೆ ಜೋಡಿ ಮಿನಾರ್ ಇರಬೇಕೆಂದು ಭಾವಿಸಿದವರಿಗೆ ಇದು ಅರೆಬರೆ ಕೆಲಸವೆನ್ನಿಸಬಹುದು. ಹಾಗೇನಿಲ್ಲ. ದೌಲತಾಬಾದಿನ ಚಾಂದ್ ಮಿನಾರ್ ಕೂಡ ಒಂಟಿಯೇ, ಅದೂ ಬಹಮನಿಗಳ ಕಾಲದ್ದೇ. ಬೀದರದಲ್ಲಿ ಮಹಮೂದ್ ಗವಾನನ ಮದರಸಾದ ಮಿನಾರ್ ಒಂಟಿಯಾಗಿರುವುದರ ಕತೆ ಮಾತ್ರ ಬೇರೆ: 1696ರಲ್ಲಿ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗವೇ ಹಾರಿಹೋಯಿತು, ಜೊತೆಯ ಮಿನಾರ್ ಉಳಿಯಲಿಲ್ಲ.

ಅಂಬರ್ ಕಟ್ಟಿಸಿದ ಮಿನಾರಿಗೆ ಏಳು ವರ್ಷ ತುಂಬುವಷ್ಟರಲ್ಲಿ ಊರಿಗೆ ಯುದ್ಧ ಬಂತು. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ಬಹಮನಿ ಮತ್ತು ವಿಜಯನಗರ ತಲೆಮಾರುಗಟ್ಟಲೆ ಕಾದಾಡಿದ್ದವು. 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದ, ನೆರವಿಗೆ ಬಂದ ಇಸ್ಮಾಯಿಲ್ ಆದಿಲ್ ಶಾಹನನ್ನು ಮೇ ತಿಂಗಳಲ್ಲಿ ಸೋಲಿಸಿದ. ಪೋರ್ಚುಗೀಸ್ ಪ್ರವಾಸಿ ನೂನಿಜ್ ಈ ಮುತ್ತಿಗೆಯನ್ನು ವಿವರವಾಗಿ ಬರೆದಿದ್ದಾನೆ. ಹಾರೆ, ಗುದ್ದಲಿ ಹಿಡಿದ ಸೈನಿಕರು ಕೋಟೆಗೋಡೆಯ ಕಲ್ಲುಗಳನ್ನು ಕೀಳುತ್ತಿದ್ದರು, ಕಿತ್ತ ಕಲ್ಲಿನ ಗಾತ್ರ ನೋಡಿ ಅವರಿಗೆ ಹಣ ಕೊಡಲಾಗುತ್ತಿತ್ತು. ಕ್ರಿಸ್ತೊವಾವ್ ಡಿ ಫಿಗೈರೆದೊ ಎಂಬವನ ಬಂದೂಕುಧಾರಿಗಳು ಗೋಡೆಯ ಮೇಲೆ ತಲೆ ತೋರಿಸಿದವರನ್ನು ಗುರಿಯಿಟ್ಟು ಹೊಡೆದರು. ಕೋಟೆಯ ಅಧಿಕಾರಿಯೂ ಹಾಗೆಯೇ ಸತ್ತ, ಕೋಟೆ ಶರಣಾಯಿತು.

ಕಲ್ಲಿಗೆ ಇಷ್ಟು ಬೆಲೆ ಎಂದು ಕಟ್ಟಿ ಕೀಳಿಸಿದ್ದು ಆ ಒಂದು ಬೇಸಿಗೆಯಲ್ಲಿ. ಪುಕ್ಕಟೆಯಾಗಿ ಕೀಳುವ ಕೆಲಸ ಆಮೇಲೆ ಬಂತು. ಕಾವಲಿಗೆ ಬೇಡವಾದ ಮೇಲೆ ಕೋಟೆಗೋಡೆ ಊರಿನವರಿಗೆ ಮನೆಯ ಹಿಂಬದಿ ಗೋಡೆಯಾಯಿತು, ಕಂದಕ ಕಸ ಸುರಿಯುವ ಜಾಗವಾಯಿತು. 1294ರಲ್ಲಿ ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿ ಒಳಕೋಟೆ ಕಟ್ಟಿಸಿದ. ಆಗ 40 ಅಡಿಗೂ ಉದ್ದದ ಶಾಸನದ ಕಲ್ಲೊಂದನ್ನು ಕೋಣಗಳ ಸಾಲು ಹೂಡಿದ ಬಂಡಿಯಲ್ಲಿ ಎಳೆದು ತಂದಿದ್ದನ್ನು ಅದೇ ಗೋಡೆಯ ಮೇಲೆ ಚಿತ್ರವಾಗಿ ಗೀರಿಟ್ಟಿದ್ದಾರೆ. ಅಷ್ಟು ಪಾಡುಪಟ್ಟು ಕಟ್ಟಿದ್ದನ್ನು ಕಳೆಯಲು ಊರಿಗೆ ಶ್ರಮವೇ ಬೇಕಾಗಲಿಲ್ಲ. ಮಿನಾರ್ ಉಳಿದಿದ್ದೇಕೆ ಎಂದರೆ, ಮಸೀದಿಗೆ ದಿನವೂ ಜನ ಬರುತ್ತಾರೆ. ಗುಡಿಸುವವರಿದ್ದಾರೆ, ಕಲ್ಲು ಸಡಿಲವಾದರೆ ಕಣ್ಣಿಗೆ ಬೀಳುತ್ತದೆ. ನಾಲ್ಕು ಜನ ನನ್ನದು ಎನ್ನುವ ಕಟ್ಟಡ ಸರ್ಕಾರಿ ಫಲಕ ಹೊತ್ತ ಕಟ್ಟಡಕ್ಕಿಂತ ಹೆಚ್ಚು ಬಾಳುತ್ತದೆಂಬುದು ನನ್ನ ಅಭಿಪ್ರಾಯ.

ಸರ್ಕಾರ ಕಣ್ಣುಮುಚ್ಚಿತ್ತೆಂದಲ್ಲ. ರಾಯಚೂರು ನಿಜಾಮರ ಆಡಳಿತದಲ್ಲಿದ್ದಾಗ, 1914ರಲ್ಲಿ, ಹೈದರಾಬಾದ್ ಸಂಸ್ಥಾನ ತನ್ನದೇ ಪುರಾತತ್ವ ಇಲಾಖೆಯನ್ನು ತೆರೆಯಿತು. ಅದರ ಮುಖ್ಯಸ್ಥರಾಗಿದ್ದ ಗುಲಾಮ್ ಯಜ್ದಾನಿ ಅರಬ್ಬಿ, ಫಾರ್ಸಿ ಶಾಸನಗಳ ಪಂಡಿತರು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಜನರಿಗೆ ಅದು ಕನ್ನಡದ ಮನೆಗೆ ಬಂದ ಸಂಭ್ರಮ. ಸ್ಮಾರಕಗಳ ಮಟ್ಟಿಗೆ ಮಾತ್ರ ಉರ್ದುವಿನಲ್ಲಿ ಕಡತ ಬರೆಯುತ್ತಿದ್ದ ಹೈದರಾಬಾದಿನಿಂದ, ಇನ್ನೂ ದೂರದ ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಇಲಾಖೆಯ ಕೈಗೆ ಜವಾಬ್ದಾರಿ ದಾಟಿತು. ಕೇಂದ್ರ ಸರ್ಕಾರದ ಸ್ಮಾರಕ ಕಾಯ್ದೆ 1958ರದು, ರಾಜ್ಯದ್ದು 1961ರದು.

ಕಾಯ್ದೆಗಳು ಮೊದಲು ನೋಡುವುದು ನೆಲದ ಮೇಲಿನ ದೂರವನ್ನು. ರಾಷ್ಟ್ರೀಯ ಪಟ್ಟಿಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ ಎಂದು 2010ರ ತಿದ್ದುಪಡಿ ಹೇಳುತ್ತದೆ. ಗೋಡೆಗೆ, ಬಾವಿಗೆ ಇಂಥ ಲೆಕ್ಕ ಸರಿಹೋಗಬಹುದು. ಗೋಪುರದ ವಿಷಯದಲ್ಲಿ ಎತ್ತರವೂ ಸ್ಮಾರಕದ ಭಾಗವೇ. ದೂರಕ್ಕೆ ಕಾಣಲೆಂದು, ದೂರಕ್ಕೆ ದನಿ ಮುಟ್ಟಲೆಂದು ಕಟ್ಟಿದ್ದು ಅದು. ಈಗಿನ ನಾಲ್ಕು ಅಂತಸ್ತಿನ ಮನೆ, ಅದರ ಮೇಲೊಂದು ನೀರಿನ ಟ್ಯಾಂಕ್ ಸೇರಿದರೆ 50 ಅಡಿ ದಾಟುತ್ತದೆ. ಇನ್ನೊಂದು ಅಂತಸ್ತು ಏರಿದರೆ 65 ಅಡಿಯ ಮಿನಾರ್ ಒಂದು ಕಲ್ಲನ್ನೂ ಕಳೆದುಕೊಳ್ಳದೆ ಊರಿನ ಕಣ್ಣಿನಿಂದ ಮರೆಯಾಗುತ್ತದೆ.

ಇನ್ನೊಂದು ಅಪಾಯ ಭಕ್ತಿಯಿಂದಲೇ ಬರುತ್ತದೆ, ಅದನ್ನು ದೇವಸ್ಥಾನ, ದರ್ಗಾ, ಮಸೀದಿ ಎಲ್ಲೆಡೆಯೂ ನೋಡುತ್ತೇವೆ. ಬಹಮನಿ ಕಾಲದ ಕಟ್ಟಡಗಳಿಗೆ ಬೆಸುಗೆ ಸುಣ್ಣದ ಗಾರೆ. ಅದು ಗೋಡೆಯೊಳಗೆ ಸೇರಿದ ನೀರನ್ನು ನಿಧಾನವಾಗಿ ಹೊರಗೆ ಬಿಡುತ್ತದೆ, ಬಿಸಿಲಿಗೆ ಕಲ್ಲು ಹಿಗ್ಗಿದರೆ ತಾನೂ ಸ್ವಲ್ಪ ಬಗ್ಗುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಹಳೆಯ ಗಾರೆಯನ್ನು ಪುಡಿಮಾಡುತ್ತದೆ. ಆಯಿಲ್ ಪೇಂಟ್ ಬಳಿದರೂ ಅದೇ ಪಾಡು. ಬಿರುಕಿನಲ್ಲಿ ಬೇರೂರಿದ ಅರಳಿ ಸಸಿಯನ್ನು ಸಣ್ಣದಿರುವಾಗಲೇ ತೆಗೆಯಬೇಕು. ಬಲಿತ ಬೇರನ್ನು ಜಗ್ಗಿದರೆ ಜೊತೆಗೆ ಕಲ್ಲೂ ಬರುತ್ತದೆ. ಇದಕ್ಕೆ ಕೋಟಿಗಳ ಯೋಜನೆ ಬೇಡ, ಗಾರೆ ಕೆಲಸ ಬಲ್ಲ ಒಬ್ಬ ಮೇಸ್ತ್ರಿ ಮತ್ತು ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಹತ್ತಿ ನೋಡುವ ಶಿಸ್ತು ಸಾಕು. ಎತ್ತರದ ಮಿತಿಯನ್ನು ಮೇಸ್ತ್ರಿ ಹಾಕಲಾರ. ಕಟ್ಟಡಕ್ಕೆ ಪರವಾನಗಿ ಕೊಡುವ ಮೇಜಿನ ಮೇಲೆ ಈ ಮಿನಾರಿನ ಸುತ್ತಲಿನ ಬೀದಿಗಳ ನಕ್ಷೆಯೊಂದು ಇರಬೇಕು, ಯಾವ ಬೀದಿಯಿಂದ ಎಷ್ಟು ಕಾಣುತ್ತದೆ ಎಂದು ಅದರಲ್ಲಿ ಗುರುತು ಹಾಕಿರಬೇಕು.