ಥಾಯ್ಲೆಂಡಿನ ಹತ್ತು ದಿನ: ಮೊದಲು ಸಮುದ್ರ ಗೊತ್ತು ಮಾಡಿ, ಆಮೇಲೆ ಟಿಕೆಟ್

ಪ್ರಶ್ನೆ: ಥಾಯ್ಲೆಂಡಿಗೆ ಹತ್ತು ದಿನ ಹೋಗಬೇಕೆಂದಿದ್ದೇವೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆಯೂ ಇರುತ್ತಾರೆ. ದೇವಸ್ಥಾನ, ಬ್ಯಾಂಕಾಕ್, ಬೀಚ್ ಮೂರೂ ಬೇಕು. ಶಾಲೆಗೆ ರಜೆ ಇದ್ದಾಗಲೇ ಹೊರಡಬೇಕು. ಎಲ್ಲಿಗೆ ಎಷ್ಟು ದಿನ, ಯಾವ ಕ್ರಮದಲ್ಲಿ? ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಉತ್ತರ: ಹೆಚ್ಚಿನವರು ಬ್ಯಾಂಕಾಕ್‌ನಿಂದ ಯೋಜನೆ ಶುರು ಮಾಡಿ, ಉಳಿದ ದಿನಗಳಿಗೆ ಯಾವುದೋ ಒಂದು ಬೀಚ್ ಅಂಟಿಸುತ್ತಾರೆ. ಮಳೆಯಲ್ಲಿ ಹೋಟೆಲ್ ಕೋಣೆಯ ಕಿಟಕಿಯಿಂದ ಸಮುದ್ರ ನೋಡಿ ವಾಪಸಾಗುವವರೂ ಇವರೇ. ಬ್ಯಾಂಕಾಕ್ ಯಾವ ತಿಂಗಳಲ್ಲಾದರೂ ನಡೆಯುತ್ತದೆ, ಸಮುದ್ರ ಹಾಗಲ್ಲ. ಆದ್ದರಿಂದ ರಜೆಯ ತಿಂಗಳು ಹಿಡಿದು ಮೊದಲು ಕರಾವಳಿ ಆರಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ.

ಥಾಯ್ಲೆಂಡಿಗೆ ಎರಡು ಕರಾವಳಿಗಳಿವೆ, ಎರಡರ ಮಳೆಗಾಲವೂ ಬೇರೆ. ಪಶ್ಚಿಮಕ್ಕೆ ಅಂಡಮಾನ್ ಸಮುದ್ರ: ಫುಕೆಟ್, ಕ್ರಾಬಿ, ಫಿಫಿ, ಕೊ ಲಾಂತಾ. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲಿಗೂ ತರುವುದು, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಪೂರ್ವಕ್ಕೆ ಥಾಯ್ ಕೊಲ್ಲಿ: ಕೊ ಸಮುಯಿ, ಕೊ ಫಂಗಾನ್, ಕೊ ತಾವ್. ಇಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ನವೆಂಬರ್‌ನಲ್ಲಿ ಅತಿ ಹೆಚ್ಚು. ಚೆನ್ನೈನ ಹಿಂಗಾರು ನೆನಪಿಸಿಕೊಂಡರೆ ಲೆಕ್ಕ ಮರೆಯುವುದಿಲ್ಲ.

ಇದನ್ನು ನಮ್ಮ ಶಾಲೆಗಳ ರಜೆಗೆ ಹೊಂದಿಸಿ ನೋಡಿ. ಕ್ರಿಸ್‌ಮಸ್ ರಜೆಗೆ ಕ್ರಾಬಿ ಅಥವಾ ಫುಕೆಟ್, ಎರಡು ಮಾತಿಲ್ಲ. ಸಮುದ್ರ ತಿಳಿಯಾಗಿರುತ್ತದೆ, ಹೋಟೆಲ್ ದರ ಮಾತ್ರ ವರ್ಷದಲ್ಲೇ ಹೆಚ್ಚು. ಬೇಸಿಗೆ ರಜೆಗೆ ಸಮುಯಿ. ದಸರಾ ರಜೆಯೇ ತಲೆನೋವು: ಆಗ ಪಶ್ಚಿಮದ ಮಳೆ ಮುಗಿದಿರುವುದಿಲ್ಲ, ಪೂರ್ವದ್ದು ಶುರುವಾಗುವ ಹೊತ್ತು. ದಸರಾ ಸೆಪ್ಟೆಂಬರ್ ಕೊನೆಗೇ ಬಂದ ವರ್ಷ ಸಮುಯಿಗೆ ಧೈರ್ಯ ಮಾಡಬಹುದು. ಅಕ್ಟೋಬರ್ ನಡುವಿಗೆ ಬಂದರೆ ಬೀಚ್‌ಗೆ ಎರಡೇ ರಾತ್ರಿ ಕೊಟ್ಟು, ಒಳ್ಳೆಯ ಈಜುಕೊಳ ಇರುವ ಹೋಟೆಲ್ ಹಿಡಿಯಿರಿ. ಸಿಮಿಲನ್ ದ್ವೀಪಗಳ ಆಸೆಯಿದ್ದರೆ ಆಗ ಬಿಡಿ, ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಆ ರಾಷ್ಟ್ರೀಯ ಉದ್ಯಾನವನ್ನೇ ಮುಚ್ಚಿರುತ್ತಾರೆ. ಫಿಫಿಯ ಮಾಯಾ ಬೇ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಂದ್.

ಬೇಸಿಗೆ ರಜೆಗೆ ಇನ್ನೊಂದು ತೊಡಕು ಉತ್ತರದ ಚಿಯಾಂಗ್ ಮೈ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಹೊಲದ ಕೂಳೆ, ಕಾಡಿನ ತರಗೆಲೆ ಉರಿಯುತ್ತವೆ. ಊರು ಬೆಟ್ಟಗಳ ನಡುವಿನ ಬೋಗುಣಿಯಲ್ಲಿರುವುದರಿಂದ ಹೊಗೆ ಹೊರಗೆ ಹೋಗದೆ ಕವಿದುಕೊಂಡಿರುತ್ತದೆ. ಮಾರ್ಚ್‌ನಲ್ಲಿ ಎದುರಿನ ದೋಯ್ ಸುಥೇಪ್ ಬೆಟ್ಟವೇ ಕಾಣದ ದಿನಗಳುಂಟು. ಮಕ್ಕಳು, ವಯಸ್ಸಾದವರು ಇದ್ದಾಗ ಏಪ್ರಿಲ್‌ನಲ್ಲಿ ಚಿಯಾಂಗ್ ಮೈ ಕೈಬಿಟ್ಟು, ಆ ರಾತ್ರಿಗಳನ್ನು ಬ್ಯಾಂಕಾಕ್ ಬಳಿಯ ಹಳೆಯ ರಾಜಧಾನಿ ಅಯುತ್ಥಯಕ್ಕೂ ಸಮುಯಿಗೂ ಹಂಚಿ. ಏಪ್ರಿಲ್ 13ರಿಂದ 15 ಸೊಂಕ್ರಾನ್, ಥಾಯ್ ಹೊಸವರ್ಷ. ಹೆಸರು ನಮ್ಮ ಸಂಕ್ರಾಂತಿಯೇ, ಆಚರಣೆ ಓಕುಳಿಯದು. ಬೀದಿಗಿಳಿದವರಿಗೆಲ್ಲ ನೀರು ಬೀಳುತ್ತದೆ. ಮಕ್ಕಳಿಗೆ ಸ್ವರ್ಗ, ಆದರೆ ಆ ವಾರ ರೈಲು, ಬಸ್ಸು ತಿಂಗಳ ಮುಂಚೆಯೇ ಭರ್ತಿ.

ಇನ್ನು ದಿನಗಳ ಹಂಚಿಕೆ. ಹತ್ತು ದಿನವೆಂದರೆ ಒಂಬತ್ತು ರಾತ್ರಿ, ಮೂರು ತಂಗುದಾಣಕ್ಕಿಂತ ಹೆಚ್ಚು ಬೇಡ. ಊರು ಬದಲಿಸುವ ಪ್ರತಿ ಸಲವೂ ಪೆಟ್ಟಿಗೆ ಕಟ್ಟುವುದು, ವಿಮಾನ, ಹೋಟೆಲ್ ಎಂದು ಅರ್ಧ ದಿನ ಹೋಗುತ್ತದೆ. ಡಿಸೆಂಬರ್‌ಗೆ ಈ ಲೆಕ್ಕ ಸರಿಹೋಗುತ್ತದೆ: ಬ್ಯಾಂಕಾಕ್ ಮೂರು ರಾತ್ರಿ, ನಾಲ್ಕನೆಯದು ರೈಲಿನಲ್ಲಿ, ಚಿಯಾಂಗ್ ಮೈ ಎರಡು, ಕ್ರಾಬಿ ಮೂರು. ಬೀಚ್ ಕೊನೆಯಲ್ಲೇ ಇರಲಿ. ದೇವಸ್ಥಾನದ ಮೆಟ್ಟಿಲು ಹತ್ತುವ ಉತ್ಸಾಹ ಮೊದಲ ನಾಲ್ಕು ದಿನ ಮಾತ್ರ ಇರುವುದು. ಚಿಯಾಂಗ್ ಮೈಯಿಂದ ಕ್ರಾಬಿ, ಫುಕೆಟ್ ಎರಡಕ್ಕೂ ಸುಮಾರು ಎರಡು ಗಂಟೆಯ ನೇರ ವಿಮಾನಗಳಿವೆ, ಬ್ಯಾಂಕಾಕ್‌ಗೆ ಇಳಿದು ಹತ್ತಬೇಕಿಲ್ಲ.

ಬೆಂಗಳೂರಿನಿಂದ ಹಲವು ವಿಮಾನಗಳು ನಡುರಾತ್ರಿ ಹೊರಟು ಬೆಳಗಿನ ಜಾವ ಬ್ಯಾಂಕಾಕ್ ಮುಟ್ಟುತ್ತವೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಹೋಟೆಲ್ ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಹಾಗಾಗಿ ಮೊದಲ ದಿನಕ್ಕೆ ಅರಮನೆ (ಗ್ರ್ಯಾಂಡ್ ಪ್ಯಾಲೆಸ್) ಇಟ್ಟುಕೊಳ್ಳಬೇಡಿ. ನಿದ್ದೆಗೆಟ್ಟ ಮಕ್ಕಳನ್ನು ಕರೆದುಕೊಂಡು ಬಿಸಿಲಲ್ಲಿ ಎರಡು ಗಂಟೆ ಸುತ್ತುವುದು ಆಗದ ಮಾತು. ಸಾಮಾನು ಹೋಟೆಲಿನಲ್ಲಿಟ್ಟು ಚಾವೊ ಫ್ರಯಾ ನದಿಯ ದೋಣಿ ಹತ್ತಿ. ಕಿತ್ತಳೆ ಬಾವುಟದ ದೋಣಿ ಊರವರ ಬಸ್ಸಿದ್ದ ಹಾಗೆ, ತಲೆಗೆ ಇಪ್ಪತ್ತು ಬಾತ್‌ನೊಳಗೆ (ಬಾತ್ ಅಲ್ಲಿನ ನಾಣ್ಯ) ಮುಗಿಯುತ್ತದೆ. ಥಾ ತಿಯೆನ್ ಕಟ್ಟೆಯಲ್ಲಿಳಿದು ಐದು ಬಾತ್‌ನ ಕಡವು ದಾಟಿದರೆ ವಾಟ್ ಅರುಣ್, ನಮ್ಮ ಅರುಣನ ಹೆಸರಿನದೇ. ಪಿಂಗಾಣಿ ಚೂರು ಮೆತ್ತಿದ ಆ ಗೋಪುರಕ್ಕೆ ಇಳಿಹೊತ್ತಿನ ಬೆಳಕು ಚೆನ್ನ.

ಅರಮನೆ ಎರಡನೇ ದಿನಕ್ಕಿರಲಿ, ಬೆಳಿಗ್ಗೆ 8.30ಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಹತ್ತರ ನಂತರ ಪ್ರವಾಸಿ ಬಸ್ಸುಗಳ ಜನ ತುಂಬುತ್ತಾರೆ. ಟಿಕೆಟ್ 500 ಬಾತ್, ಟಿಕೆಟ್ ಕೊಡುವುದು ಮಧ್ಯಾಹ್ನ 3.30ರವರೆಗೆ. ಭುಜ, ಮೊಣಕಾಲು ಮುಚ್ಚಿರಬೇಕು. ಗಂಡಸರ ಬರ್ಮುಡಾ ನಡೆಯದು, ಹೆಂಗಸರಿಗೆ ಚೂಡಿದಾರ್ ಆದರೆ ಯೋಚನೆಯೇ ಇಲ್ಲ. ಹೊರಗೋಡೆಯ ಬಳಿ ಇಸ್ತ್ರಿ ಅಂಗಿ ತೊಟ್ಟ ಒಬ್ಬ ಸಭ್ಯಸ್ಥ ಎದುರಾಗಿ, "ಇವತ್ತು ಪೂಜೆ ಇದೆ, ಒಂದು ಗಂಟೆವರೆಗೆ ಬಂದ್. ಅಷ್ಟರೊಳಗೆ ಬೇರೆ ದೇವಸ್ಥಾನ ನೋಡಿ ಬನ್ನಿ" ಎಂದು ಅಗ್ಗದ ಟುಕ್‌ಟುಕ್ ಹತ್ತಿಸಬಹುದು. ಆ ಟುಕ್‌ಟುಕ್ ನಿಲ್ಲುವುದು ಹರಳಿನ ಅಂಗಡಿ ಮುಂದೆ. ಬಾಗಿಲಿಗೇ ಹೋಗಿ ಕಣ್ಣಾರೆ ನೋಡುವ ತನಕ ಯಾರ ಮಾತೂ ಕೇಳಬೇಡಿ.

ಒಳಗೆ ಎಲ್ಲರೂ ಮರಕತ ಬುದ್ಧನ ಕಡೆ ನುಗ್ಗುತ್ತಾರೆ. 66 ಸೆಂಟಿಮೀಟರ್ ಎತ್ತರದ ಮೂರ್ತಿ ದೂರದಲ್ಲಿ, ಎತ್ತರದ ಪೀಠದಲ್ಲಿದೆ, ನೋಡಲು ಐದು ನಿಮಿಷ ಸಾಕು. ಹೆಚ್ಚು ಹೊತ್ತನ್ನು ಸುತ್ತಲಿನ ಪ್ರಾಕಾರದ ಗೋಡೆಗೆ ಕೊಡಿ. ಅಲ್ಲಿ ಇಡೀ ರಾಮಾಯಣ, ಅವರ ರಾಮಕಿಯೆನ್, 178 ಫಲಕಗಳಲ್ಲಿ ಚಿತ್ರವಾಗಿದೆ. ಹಸಿರು ಮೈಯ ರಾವಣನ ಹೆಸರು ಥೋತ್ಸಕನ್, ಅಂದರೆ ದಶಕಂಠ. ಬಿಳಿ ಹನುಮಂತ ಇಲ್ಲಿ ಬ್ರಹ್ಮಚಾರಿಯಲ್ಲ, ಮತ್ಸ್ಯಕನ್ಯೆಯ ಜೊತೆ ಸರಸವಾಡುವ ರಸಿಕ. ಅತ್ತೆಯವರಿಗೆ ಮುಂಚೆಯೇ ಹೇಳಿಬಿಡಿ.

ಮೂರನೇ ದಿನ ಅಯುತ್ಥಯ. ಬ್ಯಾಂಕಾಕ್‌ನಿಂದ ಸುಮಾರು 80 ಕಿ.ಮೀ., ರೈಲಿನಲ್ಲಿ ಒಂದೂವರೆ ಗಂಟೆ. ಅಯೋಧ್ಯೆಯ ಹೆಸರಿಟ್ಟುಕೊಂಡು ನಾಲ್ಕು ಶತಮಾನ ಆಳಿದ ರಾಜಧಾನಿ, 1767ರಲ್ಲಿ ಬರ್ಮಾ ಸೈನ್ಯ ಸುಟ್ಟುಹಾಕಿತು. ಹಂಪಿ ನೋಡಿದವರಿಗೆ ಇಲ್ಲಿನ ತಲೆ ಹೋದ ಮೂರ್ತಿಗಳ ಸಾಲಿಗೆ ವಿವರಣೆ ಬೇಕಾಗದು. ವಾಟ್ ಮಹಾಥಾಟ್‌ನಲ್ಲಿ ಮರದ ಬೇರು ತಬ್ಬಿಕೊಂಡ ಬುದ್ಧನ ಮುಖವಿದೆ. ಅದರ ಮುಂದೆ ಫೋಟೊ ತೆಗೆಸಿಕೊಳ್ಳುವವರು ಕುಕ್ಕರಗಾಲಲ್ಲಿ ಕೂರಬೇಕು, ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು. ನಿಂತರೆ ಕಾವಲುಗಾರ ಬಂದು ಕೂರಿಸುತ್ತಾನೆ.

ಚಿಯಾಂಗ್ ಮೈ ರಾತ್ರಿ ರೈಲು ಸಂಜೆ ಆರೂವರೆಯ ನಂತರ ಹೊರಟು ಬೆಳಿಗ್ಗೆ ಏಳರ ಸುಮಾರಿಗೆ ಮುಟ್ಟುತ್ತದೆ. 2023ರ ಜನವರಿಯಿಂದ ದೂರದ ರೈಲುಗಳು ಹೊರಡುವುದು ಕ್ರುಂಗ್ ಥೇಪ್ ಅಫಿವಾಟ್ ನಿಲ್ದಾಣದಿಂದ. ಹಳೆಯ ಬ್ಲಾಗ್ ಓದಿ ಹಿಂದಿನ ನಿಲ್ದಾಣವಾದ ಹುಅ ಲಂಫೋಂಗ್‌ಗೆ ಹೋದವರ ರೈಲು ತಪ್ಪಿದಂತೆಯೇ. ಕೆಳಗಿನ ಬರ್ತ್ ಅಗಲ, ಮೇಲಿನದು ಇಕ್ಕಟ್ಟು, ಅತ್ತೆಗೂ ಚಿಕ್ಕ ಮಗುವಿಗೂ ಕೆಳಗಿನದೇ ಬುಕ್ ಮಾಡಿ. ಎಸಿ ಮೂಳೆ ಕೊರೆಯುತ್ತದೆ, ಶಾಲು ಕೈಚೀಲದಲ್ಲೇ ಇರಲಿ. ಚಿಯಾಂಗ್ ಮೈಗೆ ಶನಿವಾರ ಅಥವಾ ಭಾನುವಾರ ಬರುವಂತೆ ನೋಡಿಕೊಂಡರೆ ಥಾ ಫೆ ಬಾಗಿಲಿನಿಂದ ಶುರುವಾಗುವ ಭಾನುವಾರದ ಸಂತೆ ಸಿಗುತ್ತದೆ. ದೋಯ್ ಸುಥೇಪ್ ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು, ಮಂಡಿ ನೋವಿದ್ದವರಿಗೆ ಟ್ರಾಮ್ ಲಿಫ್ಟ್ ಇದೆ.

ಕ್ರಾಬಿಯಲ್ಲಿ ಎಲ್ಲರೂ ಕೇಳುವುದು ರೈಲೇ ಬೀಚ್. ಹೆಸರು ಹಾಗಿದ್ದರೂ ಅಲ್ಲಿಗೆ ರೈಲೂ ಇಲ್ಲ, ರಸ್ತೆಯೂ ಇಲ್ಲ. ಸುಣ್ಣಕಲ್ಲಿನ ಬಂಡೆಗೋಡೆ ಅಡ್ಡವಿರುವುದರಿಂದ ಹತ್ತಿರದ ಬೀಚ್ ಊರು ಆವೊ ನಾಂಗ್‌ನಿಂದ ಉದ್ದಬಾಲದ ದೋಣಿಯಲ್ಲೇ ಹೋಗಬೇಕು, ಹದಿನೈದು ನಿಮಿಷದ ದಾರಿ. ಹೆಚ್ಚಿನ ದೋಣಿಗಳು ಮರಳಿನವರೆಗೆ ಬರುವುದಿಲ್ಲ. ಮೊಣಕಾಲುದ್ದ ನೀರಿಗಿಳಿದು, ಪೆಟ್ಟಿಗೆ ತಲೆಯ ಮೇಲೆ ಹೊತ್ತು ನಡೆಯಬೇಕು, ಗಾಲಿ ಇದ್ದರೂ ಪ್ರಯೋಜನವಿಲ್ಲ. ಅತ್ತೆ ಜೊತೆಗಿದ್ದಾರೆ ಅಂದ ಮೇಲೆ ತಂಗುವುದು ಆವೊ ನಾಂಗ್‌ನಲ್ಲೇ ಇರಲಿ, ರೈಲೇಗೆ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಯಾವ ಬೀಚ್‌ನಲ್ಲೇ ಆಗಲಿ, ಕೆಂಪು ಬಾವುಟ ಕಂಡರೆ ನೀರಿಗಿಳಿಯುವಂತಿಲ್ಲ. ಮಳೆಗಾಲದಲ್ಲಿ ಫುಕೆಟ್‌ನ ಪಶ್ಚಿಮ ದಂಡೆಯ ಒಳಸೆಳೆತ ಈಜು ಬಲ್ಲವರನ್ನೂ ಎಳೆದೊಯ್ಯುತ್ತದೆ.

ಸಮುಯಿಗೆ ಹೋಗುವವರು ಗಮನಿಸಿ: ಅಲ್ಲಿನ ವಿಮಾನ ನಿಲ್ದಾಣ ಒಂದೇ ವಿಮಾನ ಕಂಪನಿಯದು, ಟಿಕೆಟ್ ದುಬಾರಿ. ಸೂರತ್ ಥಾನಿಗೆ ಹಾರಿ, ಬಸ್ಸು ಮತ್ತು ಫೆರಿ ಹಿಡಿದರೆ ಹಣ ಉಳಿಯುತ್ತದೆ, ಆದರೆ ಮುಕ್ಕಾಲು ದಿನ ಹೋಗುತ್ತದೆ. ಫೆರಿ ಇಳಿದ ದಿನವೇ ಬೆಂಗಳೂರಿನ ವಿಮಾನ ಇಟ್ಟುಕೊಳ್ಳಬೇಡಿ. ಬ್ಯಾಂಕಾಕ್‌ಗೂ ಎರಡು ನಿಲ್ದಾಣಗಳಿವೆ. ಅಗ್ಗದ ದೇಶೀಯ ವಿಮಾನ ಡಾನ್ ಮುಆಂಗ್‌ನಲ್ಲಿ ಇಳಿಸಿ, ನಿಮ್ಮ ಬೆಂಗಳೂರು ವಿಮಾನ ಸುವರ್ಣಭೂಮಿಯಿಂದ ಇದ್ದರೆ ನಡುವೆ ಐದು ಗಂಟೆಯಾದರೂ ಬಿಡಿ.

ಊಟದ ವಿಷಯ. ಥಾಯ್ಲೆಂಡಿನಲ್ಲಿ "ವೆಜ್" ಅಂದರೆ ಮಾಂಸದ ತುಂಡು ಇಲ್ಲ ಎಂದಷ್ಟೇ ತಿಳಿಯುತ್ತಾರೆ. ಮೀನಿನ ಸಾಸ್, ಸಿಗಡಿ ಪೇಸ್ಟ್, ಆಯ್ಸ್ಟರ್ ಸಾಸ್ ಉಪ್ಪಿನ ಬದಲಿಗೆ ಬೀಳುತ್ತಲೇ ಇರುತ್ತವೆ. ಪಪಾಯಿ ಸಲಾಡ್ ಕೂಡ ಸಸ್ಯಾಹಾರವಲ್ಲ. ನೀವು ಹುಡುಕಬೇಕಾದ ಪದ "ಜೇ". ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ, ಥಾಯ್ ಲಿಪಿ ಬಾರದವರ ಕಣ್ಣಿಗೆ ಅದು ಇಂಗ್ಲಿಷ್ ಅಂಕಿಯ ಹದಿನೇಳರಂತೆ ಕಾಣುತ್ತದೆ. ಆ ಬಾವುಟವಿರುವ ಕಡೆ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ತಟ್ಟೆಯಲ್ಲಿ ಬಾತುಕೋಳಿಯಂತೆ ಕಾಣುವುದು ಸೋಯಾ ಅಥವಾ ಗೋಧಿಯ ಅಂಟಿನಿಂದ ಮಾಡಿದ್ದು, ಗಾಬರಿಯಾಗಬೇಡಿ. ಬೇರೆ ಹೋಟೆಲುಗಳಲ್ಲಿ "ಕಿನ್ ಜೇ" ಎಂದು ಹೇಳಿ, ಜೊತೆಗೆ "ಮೈ ಸೈ ನಾಮ್ ಪ್ಲಾ, ಮೈ ಸೈ ಖೈ" ಎನ್ನಿ. ಮೀನಿನ ಸಾಸ್ ಬೇಡ, ಮೊಟ್ಟೆ ಬೇಡ ಎಂದರ್ಥ. ಥಾಯ್ ಲಿಪಿಯಲ್ಲಿ ಬರೆದದ್ದನ್ನು ಫೋನಿನಲ್ಲಿ ತೋರಿಸಿದರೆ ಇನ್ನೂ ವಾಸಿ, ಸ್ವರ ತಪ್ಪಿದರೆ ಪದದ ಅರ್ಥವೇ ಬದಲಾಗುವ ಭಾಷೆ ಅದು. ರೈಲಿಗೆ ಮಾತ್ರ ಚಟ್ನಿಪುಡಿ, ಅವಲಕ್ಕಿ ನಿಮ್ಮದೇ ಇರಲಿ.

ಕಾಗದಪತ್ರ: ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ಭಾರತೀಯರಿಗೆ ವೀಸಾ ವಿನಾಯಿತಿಯ ನಿಯಮ 2023ರಿಂದೀಚೆಗೆ ಬದಲಾಗುತ್ತಲೇ ಇದೆ, ಟಿಕೆಟ್ ತೆಗೆಯುವ ದಿನವೇ ಥಾಯ್ ರಾಯಭಾರ ಕಚೇರಿಯ ತಾಣ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ತಲುಪುವ ಮುಂಚಿನ ಮೂರು ದಿನಗಳಲ್ಲಿ, ಮಕ್ಕಳದ್ದೂ ಸೇರಿಸಿ, ತುಂಬಬೇಕು. ಅದು ಉಚಿತ. ಹಣ ಕೇಳುವ ತಾಣ ಸರ್ಕಾರದ್ದಲ್ಲ, ವಿಳಾಸ "ಗೋ ಡಾಟ್ ಟಿಎಚ್" ಎಂದು ಮುಗಿಯುತ್ತದೆಯೇ ನೋಡಿಕೊಳ್ಳಿ. ಎಟಿಎಂ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕ ಹಿಡಿಯುತ್ತದೆ, ಒಮ್ಮೆಗೇ ದೊಡ್ಡ ಮೊತ್ತ ತೆಗೆಯಿರಿ. ರೂಪಾಯಿಗೆ ಪರಿವರ್ತಿಸಲೇ ಎಂದು ಪರದೆ ಕೇಳಿದರೆ ಬೇಡ ಒತ್ತಿ, ಆ ದರದಲ್ಲಿ ನಷ್ಟ ನಿಮಗೇ. ಇ-ಸಿಗರೇಟ್ ಅಲ್ಲಿ ನಿಷಿದ್ಧ. ವಾಪಸ್ ಬರುವಾಗ ಪರಿಚಯವಿಲ್ಲದವರು "ಬೆಂಗಳೂರಿನಲ್ಲಿ ಒಬ್ಬರಿಗೆ ತಲುಪಿಸಿ" ಎಂದು ಕೊಡುವ ತಿಂಡಿ ಪೊಟ್ಟಣ ಮುಟ್ಟಬೇಡಿ. ಬ್ಯಾಂಕಾಕ್‌ನಿಂದ ಬಂದವರ ಸಾಮಾನಿನಲ್ಲಿ ಹೈಡ್ರೋಪೋನಿಕ್ ಗಾಂಜಾ ಕೆಂಪೇಗೌಡ ನಿಲ್ದಾಣದಲ್ಲಿ ಮತ್ತೆ ಮತ್ತೆ ಸಿಕ್ಕಿದೆ, ಪೊಟ್ಟಣ ಯಾರದೆಂದು ಕಸ್ಟಮ್ಸ್‌ನವರು ಕೇಳುವುದು ಅದು ಯಾರ ಪೆಟ್ಟಿಗೆಯಲ್ಲಿದೆಯೋ ಅವರನ್ನೇ.