ಮುಟ್ಟು ನಿಂತಾಗ ನಿಮ್ಮ ವಯಸ್ಸೆಷ್ಟಿತ್ತು?

"ಅದೆಲ್ಲ ಮುಗಿದು 33 ವರ್ಷ ಆಯ್ತು ಡಾಕ್ಟ್ರೇ, ಈಗ ಯಾಕೆ ಕೇಳ್ತೀರಿ? ನನಗೆ ಕುರ್ಚಿಯಿಂದ ಏಳೋಕೆ ಆಗ್ತಿಲ್ಲ, ಅದಕ್ಕೇನಾದ್ರೂ ಮಾಡಿ."

ಹೀಗೆ ಹೇಳಿದ ಆ ತಾಯಿಗೆ 72 ವರ್ಷ. ಮಗಳ ಕೈ ಹಿಡಿದು ಒಳಗೆ ಬಂದಿದ್ದರು. ಸ್ನಾನಕ್ಕೆ ಹೋಗಲೂ ಒಬ್ಬರು ಜೊತೆಗಿರಬೇಕು. ಮೆಟ್ಟಿಲು ಹತ್ತುವುದನ್ನು ಬಿಟ್ಟೇ ಬಿಟ್ಟಿದ್ದರು. ನಾನು ಲೆಕ್ಕ ಹಾಕಿದೆ: ಮುಟ್ಟು ನಿಂತಾಗ 39. ಗರ್ಭಕೋಶ ತೆಗೆದಾಗ ಎರಡೂ ಅಂಡಾಶಯಗಳನ್ನೂ ತೆಗೆದಿದ್ದರು. ಆಮೇಲೆ ಯಾವ ಹಾರ್ಮೋನ್ ಚಿಕಿತ್ಸೆಯೂ ಇರಲಿಲ್ಲ. ತಿಂಗಳ ಕಾಟ ತಪ್ಪಿತು ಎಂದು ಅವರು ನೆಮ್ಮದಿಯಾಗಿದ್ದರು.

ಸ್ತ್ರೀರೋಗ ತಜ್ಞೆಯಾಗಿ ನನಗೆ ಬೇಸರ ತರಿಸುವ ವಿಷಯ ಇದು. ಮಂಡಿ, ಸೊಂಟ, ಸಕ್ಕರೆ, ಬಿಪಿ ಎಂದು ವಯಸ್ಸಾದ ಹೆಂಗಸರನ್ನು ಎಷ್ಟೋ ಜನ ಪರೀಕ್ಷಿಸುತ್ತಾರೆ. ಮುಟ್ಟು ಯಾವಾಗ ನಿಂತಿತು ಎಂದು ಕೇಳುವವರು ತೀರಾ ಕಡಿಮೆ.

ಸತತ 12 ತಿಂಗಳು ಮುಟ್ಟಾಗದಿದ್ದರೆ ನಿಂತಿದೆ ಎನ್ನುತ್ತೇವೆ. ಹೆಚ್ಚಿನವರಿಗೆ ಇದು 45ರಿಂದ 55ರ ನಡುವೆ ಆಗುತ್ತದೆ. 45ಕ್ಕೆ ಮೊದಲಾದರೆ ಬೇಗ, 40ಕ್ಕೂ ಮೊದಲಾದರೆ ಅಕಾಲಿಕ. ಕೆಲವರಿಗೆ ತಾನಾಗಿಯೇ ನಿಲ್ಲುತ್ತದೆ, ಕೆಲವರಿಗೆ ಆಪರೇಷನ್‌ನಿಂದ ಅಥವಾ ಕ್ಯಾನ್ಸರ್ ಚಿಕಿತ್ಸೆಯಿಂದ. ಬೀಡಿ ಸಿಗರೇಟು ಸೇದುವವರಲ್ಲಿ ಒಂದೆರಡು ವರ್ಷ ಮುಂಚೆಯೇ ನಿಲ್ಲುತ್ತದೆ.

ಇದಕ್ಕೂ ಕುರ್ಚಿಯಿಂದ ಏಳುವುದಕ್ಕೂ ಏನು ಸಂಬಂಧ? ಅಂಡಾಶಯದಲ್ಲಿ ತಯಾರಾಗಿ, ಮುಟ್ಟು ನಿಂತಾಗ ಇಳಿದುಹೋಗುವ ಈಸ್ಟ್ರೋಜೆನ್ ಬರೀ ಗರ್ಭಕೋಶದ ಹಾರ್ಮೋನ್ ಅಲ್ಲ. ನಮ್ಮ ಮೂಳೆ ದಿನವೂ ಸ್ವಲ್ಪ ಕರಗುತ್ತದೆ, ಸ್ವಲ್ಪ ಹೊಸದಾಗಿ ಕಟ್ಟುತ್ತದೆ. ಕರಗುವ ಕೆಲಸ ಅತಿಯಾಗದಂತೆ ತಡೆದು ಹಿಡಿಯುವುದು ಈಸ್ಟ್ರೋಜೆನ್. ಅದು ಇಳಿದರೆ ಕರಗುವುದೇ ಜಾಸ್ತಿ. ಮುಟ್ಟು ನಿಂತ ಮೊದಲ 5-7 ವರ್ಷಗಳಲ್ಲಿ ಕೆಲವರ ಮೂಳೆಯ ಸಾಂದ್ರತೆ ಶೇಕಡಾ 20ರಷ್ಟು ಕಡಿಮೆಯಾಗುವುದೂ ಉಂಟು. ಸ್ನಾಯುಗಳಿಗೂ ಈ ಹಾರ್ಮೋನ್‌ನ ಆಸರೆ ಬೇಕು. 51ಕ್ಕೆ ಮುಟ್ಟು ನಿಂತವರಿಗಿಂತ 39ಕ್ಕೆ ನಿಂತವರು 12 ವರ್ಷ ಹೆಚ್ಚಾಗಿ ಈ ಆಸರೆ ಇಲ್ಲದೆ ಬದುಕಿರುತ್ತಾರೆ. ಅದರ ಪರಿಣಾಮ ಆಗ ಕಾಣಿಸುವುದಿಲ್ಲ, 70ರ ನಂತರ ಕಾಣಿಸುತ್ತದೆ.

ಹಾಗಂತ ಬೇಗ ನಿಂತವರೆಲ್ಲ ಮುಂದೆ ಪರಾವಲಂಬಿಗಳಾಗುತ್ತಾರೆ ಎಂದಲ್ಲ, ದಯವಿಟ್ಟು ಹೆದರಬೇಡಿ. ಧೂಮಪಾನ, ಹಳೆಯ ಕಾಯಿಲೆ, ಬಡತನ ಇವು ಮುಟ್ಟನ್ನೂ ಬೇಗ ನಿಲ್ಲಿಸಬಹುದು, ಮೈಯ ಶಕ್ತಿಯನ್ನೂ ಕುಗ್ಗಿಸಬಹುದು. ಯಾವುದರ ಪಾಲು ಎಷ್ಟು ಎಂದು ಒಬ್ಬರನ್ನು ನೋಡಿ ಹೇಳಲಾಗದು. ಆದರೆ ಬೇಗ ನಿಂತಿದ್ದರೆ ಬೇಗ ಎಚ್ಚರವಾಗಬೇಕು.

45ಕ್ಕೆ ಮೊದಲೇ ಮುಟ್ಟು ನಿಂತವರಿಗೆ, ಬೇರೆ ತೊಂದರೆ ಇಲ್ಲದಿದ್ದರೆ, ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ, ಅಂದರೆ ಸುಮಾರು 50-51ರವರೆಗೆ, ಹಾರ್ಮೋನ್ ಚಿಕಿತ್ಸೆ ಕೊಡುವುದು ಒಳ್ಳೆಯದು. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟರೋನ್ ಎಂಬ ಇನ್ನೊಂದು ಹಾರ್ಮೋನ್ ಕೂಡ ಬೇಕು. ಹಾರ್ಮೋನ್ ಎಂದರೆ ಕ್ಯಾನ್ಸರ್ ಎಂಬ ಭಯ ಹರಡಿದ್ದು 2002ರಲ್ಲಿ, ಅಮೆರಿಕದ ಒಂದು ದೊಡ್ಡ ಅಧ್ಯಯನದ ನಂತರ. ಅದರಲ್ಲಿದ್ದವರು 50ರಿಂದ 79ರ ಹೆಂಗಸರು, ಸರಾಸರಿ ವಯಸ್ಸು 63. ಆ ಫಲಿತಾಂಶವನ್ನು 39ರ ಹೆಣ್ಣಿಗೆ ಹಾಗೇ ಅನ್ವಯಿಸುವುದು ತಪ್ಪು. ಈ ತಪ್ಪಿನಿಂದ ಎಷ್ಟೋ ಜನ ಅಗತ್ಯವಿದ್ದ ಚಿಕಿತ್ಸೆ ತಪ್ಪಿಸಿಕೊಂಡರು.

72ರಲ್ಲಿ ಹೊಸದಾಗಿ ಹಾರ್ಮೋನ್ ಶುರು ಮಾಡುವ ಮಾತಿಲ್ಲ. ಹಾಗಿದ್ದರೂ ಮಾಡಬೇಕಾದ್ದು ಬಹಳ ಇದೆ. ಆ ತಾಯಿಗೆ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಕುರ್ಚಿಯಿಂದ ಎದ್ದು ಕೂರಲು ಹೇಳಿದೆ. 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಸ್ನಾಯು ಸೋತಿದೆ ಎಂದು ಅನುಮಾನ ಪಡಬೇಕು. ಅವರು ಎರಡನೇ ಸಲಕ್ಕೇ ಮಗಳ ಭುಜ ಹಿಡಿದರು. ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾಡಿಸಿ ಔಷಧಿ ಆರಂಭಿಸಿದೆವು. ಅದರ ಜೊತೆಗೆ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದೆ. ಸುಮ್ನೆ ವಾಕಿಂಗ್ ಸಾಲದು, ತೊಡೆಗೆ ಭಾರ ಬೀಳಬೇಕು. ಎತ್ತರದ ಕುರ್ಚಿಯಿಂದ ಏಳುವ ಅಭ್ಯಾಸ ಶುರುವಾಯಿತು. ಬಲ ಬಂದಂತೆ ಕುರ್ಚಿಯ ಎತ್ತರ ತಗ್ಗಿಸುತ್ತಾ ಹೋದರು. 70 ಆದಮೇಲೂ ಸ್ನಾಯು ಬೆಳೆಯುತ್ತದೆ, ಇದನ್ನು ಪದೇ ಪದೇ ಕಂಡಿದ್ದೇನೆ. ನಾಲ್ಕು ತಿಂಗಳ ನಂತರ ಅವರು ಬಂದಾಗ ಮಗಳು ಜೊತೆಗಿದ್ದಳು, ಕೈ ಹಿಡಿದಿರಲಿಲ್ಲ.

ಅವತ್ತು ಮಗಳೇ ಕೇಳಿದಳು, "ನನಗೂ ಬೇಗ ನಿಲ್ಲುತ್ತಾ ಮೇಡಂ?" ಅಮ್ಮನಿಗೆ ಆಪರೇಷನ್‌ನಿಂದ ನಿಂತದ್ದು, ಅದರಿಂದ ನಿನ್ನದನ್ನು ಊಹಿಸಲಾಗದು ಎಂದೆ. ತಾನಾಗಿಯೇ ಬೇಗ ನಿಲ್ಲುವುದು ಮಾತ್ರ ಮನೆತನದಲ್ಲಿ ಬರಬಹುದು. "ನಿಮ್ಮ ಚಿಕ್ಕಮ್ಮನಿಗೆ ಯಾವಾಗ ನಿಂತಿತ್ತು ಗೊತ್ತಾ?" ಅವಳಿಗೆ ಗೊತ್ತಿರಲಿಲ್ಲ. ತಂಗಿಯದು ಅಮ್ಮನಿಗೂ ಗೊತ್ತಿರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಅಮ್ಮ, "ಸಂಜೆ ಫೋನ್ ಮಾಡಿ ಕೇಳ್ತೀನಿ" ಎಂದರು.